ಮಡಚದ ಕಾಲು

ಬುಧವಾರ ಬೆಳಿಗ್ಗೆ ಧನರಾಜ ಒದ್ದೆ ಬಟ್ಟೆಯಿಂದ ಅಂಗಡಿ ಮುಂದಿನ ಕರಿಹಲಗೆಯ ಮೇಲರ್ಧ ಒರೆಸಿ, ತೊಗರಿ, ಹೆಸರು, ಉದ್ದಿನ ದರ ಬರೆಯುತ್ತಿದ್ದ. ಗಡಿಯಾಚೆಯ ತೆಲುಗು ಸೀಮೆಯ ನಾರಾಯಣಖೇಡ್‌ನಲ್ಲಿ, ರೈತರ ಕಾಳು ಮಾರಿಸಿಕೊಡುವ ಆ ಅಡತಿ ಅಂಗಡಿಯಲ್ಲಿ, ಅವನು ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಮೇಲಿನ ದರ ತೆಲುಗಿನಲ್ಲಿ, ಕೆಳಗಿನರ್ಧ ಕನ್ನಡದಲ್ಲಿ. ಆ ಕೆಳಗಿನರ್ಧ ಮಾಲೀಕರದ್ದಲ್ಲ, ಅವನ ಸ್ವಂತದ್ದು.

ಹನ್ನೊಂದು ವರ್ಷದ ಹಿಂದೆ ಆ ಜಾಗ ಖಾಲಿ ಇರುವುದನ್ನು ನೋಡಲಾರದೆ, ಆಕ್ಟೋಪಸ್ ಎಂಬ ಸಮುದ್ರದ ಪ್ರಾಣಿಗೆ ಮೂರು ಹೃದಯ ಇರುತ್ತವೆ ಎಂದು ಬರೆದಿದ್ದ. ಹಮಾಲಿ ಸಂಗು ಬೆನ್ನ ಮೇಲಿನ ಚೀಲ ಇಳಿಸದೆಯೇ ಅದನ್ನು ಓದಿ, "ಮೂರು ಇಟ್ಕೊಂಡು ಏನ್ ಮಾಡ್ತದ್ರಿ ಅದು? ನಮಗ ಒಂದೇ ಭಾರ ಆಗ್ಯಾದ" ಎಂದಿದ್ದ. ಅಲ್ಲಿಂದ ಪ್ರತಿ ಸೋಮವಾರ ಒಂದು ಹೊಸ ಸಂಗತಿ. ವಿಜ್ಞಾನ, ರಾಜರ ಖಯಾಲಿ, ನಟ ನಟಿಯರ ಬಾಲ್ಯ. ಓದು ಬಾರದವರಿಗೆ ಸಂಗುವೇ ಜೋರಾಗಿ ಓದಿ ಹೇಳುತ್ತಿದ್ದ. ಕೊಲೆಯ ಕಥೆ ಇದ್ದ ವಾರ ಮಾತ್ರ ಹಲಗೆಯ ಮುಂದೆ ಜನ ಹೆಚ್ಚು. ಅದನ್ನು ಧನರಾಜ ಗಮನಿಸಿದ್ದ. ಗಮನಿಸಿದ ಮೇಲೆ ಕೊಲೆಗಳೂ ಹೆಚ್ಚಾದವು.

ಈ ಸೋಮವಾರ ಬರೆದದ್ದು ಇಷ್ಟು:

"ರಾಯಿಕೋಡ್ ಕಡೆಯ ಒಂದು ಊರು. ನಲವತ್ತೇಳು ವರ್ಷದ ಹಿಂದೆ ಗಟ್ಟಿಮುಟ್ಟಾದ ರೈತನೊಬ್ಬ ತಿಂಗಳೊಳಗೆ ಸತ್ತ. ಸಮಾಧಿಯಲ್ಲಿ ಕೂರಿಸಲು ಹೋದರೆ ಕಾಲು ಮಡಚಲಿಲ್ಲ. ದಿನಾ ಬಡಿಸಿದ ಕೈ ಯಾರದು? ಹೆಂಡತಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಕೆ ಇನ್ನೂ ಬದುಕಿದ್ದಾಳೆ."

ಲಿಂಗ ಧರಿಸುವ ಆ ರೈತನ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನ ಹಾಕಿಸಿ, ಕೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಕಾಲು ಮಡಚಲಿಲ್ಲ ಎಂದರೆ ಓದಿದವರ ಮೈ ಜುಂ ಎನ್ನುತ್ತದೆ. ಹಲವರು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿದ್ದರು. ಎಷ್ಟು ಜನ ಎಂದು ಧನರಾಜ ಎಣಿಸಿಯೂ ಇದ್ದ. ಹದಿನೇಳು.

ಉದ್ದಿನ ದರ ಬರೆಯುವಾಗ ಹಿಂದೆ ಯಾರೋ ನಿಂತದ್ದು ಗೊತ್ತಾಯಿತು. ಅರವತ್ತರ ಹತ್ತಿರದ ಹೆಂಗಸು, ಹಣೆ ತುಂಬ ವಿಭೂತಿ, ಕೈಯಲ್ಲೊಂದು ಬಟ್ಟೆಯ ಚೀಲ.

"ಏನ್ ತಂದೀರಿ ಅವ್ವಾ? ತೊಗರ್ಯೋ, ಹೆಸರೋ?" ಎಂದ ಸಂಗು.

"ಏನೂ ತಂದಿಲ್ಲಪ್ಪ. ಇದನ್ನ ಬರ್ದವ್ರು ಯಾರು?"

"ನಮ್ಮ ಧನರಾಜಣ್ಣರೇ ಮತ್ತ! ಇವರಂಗ ಬರ್ಯೋರು ಝಹೀರಾಬಾದ್‌ದಾಗೂ ಸಿಗಂಗಿಲ್ಲ."

ಹೆಂಗಸು ಧನರಾಜನ ಕಡೆ ತಿರುಗಿದಳು. "ನಾ ಈಶಮ್ಮ. ಅದರಾಗ ಕಾಲು ಮಡಚಲಾರದ ಹೋದಾಂವ ನಮ್ಮಪ್ಪ."

ಸಂಗು ಚೀಲಗಳ ಸಾಲಿನ ಹಿಂದಕ್ಕೆ ಸರಿದ. ಧನರಾಜ ಕೈಯಲ್ಲಿದ್ದ ಸೀಮೆಸುಣ್ಣ ಇಡಲು ಜಾಗ ಹುಡುಕಿ, ಕೊನೆಗೆ ಅಂಗಿಯ ಜೇಬಿಗೆ ಹಾಕಿದ.

"ನಾ ಯಾರ ಹೆಸರೂ ಬರ್ದಿಲ್ಲರಿ," ಎಂದ.

"ಊರ ಮಂದಿಗಿ ಹೆಸರು ಬೇಕೇನ್ರಿ? ಆ ಕಡಿ ಮಡಚಲಾರದ ಕಾಲು ಎಷ್ಟು ಅವ?"

ಈಶಮ್ಮ ಚೀಲದಿಂದ ಹಳೆಯ ಶಾಲೆ ನೋಟ್‌ಬುಕ್ ತೆಗೆದು, ಅಂಗಡಿಯ ಕಟ್ಟೆಯ ಮೇಲಿಟ್ಟು, ಒಂದು ಪುಟದ ಮೇಲೆ ಬೆರಳಿಟ್ಟಳು. "ಓದ್ರಿ."

ದಪ್ಪ ಅಕ್ಷರ, ಅಲ್ಲಲ್ಲಿ ಕಾಗುಣಿತ ತಪ್ಪು. ಆದರೆ ಮಾತು ಅವನದೇ. ನಾಲ್ಕು ವರ್ಷದ ಹಿಂದಿನ ಸೋಮವಾರದ ಸಂಗತಿ: ಹಳದಿ ಹೂವಿನ ಮುಳ್ಳು ದತ್ತೂರಿಯ ಬೀಜ ನೋಡಲು ಸಾಸಿವೆಯಂತೆಯೇ ಇರುತ್ತದೆ. ಸಾಸಿವೆಯ ಜೊತೆ ಅದೂ ಗಾಣಕ್ಕೆ ಬಿದ್ದರೆ ಎಣ್ಣೆ ವಿಷ. ಉಂಡವರ ಕಾಲು ಬಾತು, ಉಸಿರು ಕಟ್ಟಿ, ಹೃದಯ ಸೋಲುತ್ತದೆ. ಎಷ್ಟೋ ಊರುಗಳಲ್ಲಿ ಜನ ಇದನ್ನು ಮಾಟ ಎಂದೋ ವಿಷಪ್ರಯೋಗ ಎಂದೋ ತಿಳಿದಿದ್ದರು.

"ಆ ವರ್ಷ ಬದುವಿನ ಸಾಸಿವಿ ಬಡದು ಗಾಣಕ್ಕ ಹಾಕ್ಸಿದ್ವಿ," ಎಂದಳು ಈಶಮ್ಮ. "ನಮ್ಮಪ್ಪನ ಕಾಲು ಕೊಡದಂಗ ಬಾತಿದ್ದವು. ನಮ್ಮವ್ವಂದೂ ಬಾತಿದ್ದವು, ನಂದೂ ಬಾತಿದ್ದವು. ನಾವಿಬ್ಬರು ಉಳದ್ವಿ. ಉಳದಿದ್ದೇ ತಪ್ಪಾತು. ಗಂಡನ್ನ ತಿಂದಾಳಂತ ಮಂದಿ ನಮ್ಮ ಮನಿ ನೀರು ಕುಡಿಲಿಲ್ಲ. ಅವ್ವ ಮನಿ ಮುಂದಿನ ಕಟ್ಟಿಗಿ ಬರೋದೇ ಬಿಟ್ಟಳು."

ಧನರಾಜ ಪುಟದಲ್ಲಿದ್ದ ತನ್ನದೇ ಮಾತನ್ನು ಮತ್ತೊಮ್ಮೆ ಓದಿದ.

"ನಾಕು ವರ್ಷದ ಹಿಂದ ತೊಗರಿ ತೂಕ ಮಾಡ್ಸಾಕ ಬಂದಾಗ ನಿಮ್ಮ ಹಲಗಿ ಓದ್ದೆ. ಇಲ್ಲೇ, ಈ ಕಟ್ಟಿ ಮ್ಯಾಲ ಕುಂತು ಅತ್ತು, ಬರ್ಕೊಂಡು ಹೋಗಿ ಅವ್ವಗ ಓದ್ದೆ. ಓಣ್ಯಾಗ ಮನಿಮನಿಗಿ ಓದ್ದೆ. ನಾರಾಯಣಖೇಡದಾಗ ಬರ್ದಾರ, ಸುಳ್ಳಿರಂಗಿಲ್ಲ ಅಂದರು. ನಮ್ಮವ್ವ ಶಕುಂತಲಾಬಾಯಿ ನಲವತ್ಮೂರು ವರ್ಷ ಆದ್ಮ್ಯಾಲ ಕಟ್ಟಿ ಮ್ಯಾಲ ಬಂದು ಕುಂತಳು. ನಿನ್ನಿ ಯಾರೋ ಫೋನ್‌ದಾಗ ನಿಮ್ಮ ಈ ಬರಹ ತೋರ್ಸ್ಯಾರ. ಮತ್ತ ಒಳಗ ಹೋಗ್ಯಾಳ. ಖೇಡದಾಗೇ ಬರ್ದಾರಲ್ಲ ಅಂತಾರ."

ಎರಡೂ ಬರೆದದ್ದು ಒಂದೇ ಕೈ. ಬಾತ ಕಾಲಿನ ಬಗ್ಗೆ ಬರೆದವನಿಗೆ ಮಡಚದ ಕಾಲು ಕಣ್ಣಮುಂದೆ ಬಂದಾಗ ಆ ನೆನಪೇ ಆಗಿರಲಿಲ್ಲ. ಕೊಹೀರಿನ ಮದುವೆಯೊಂದರಲ್ಲಿ, ಊಟದ ಸಾಲಿನಲ್ಲಿ, ಪಕ್ಕದ ಎಲೆಯವರು ಕಥೆ ಹೇಳಿದ್ದರು. ಕೈ ತೊಳೆಯುವ ಹೊತ್ತಿಗೆ ಅವನು ಮನಸ್ಸಿನಲ್ಲೇ ಸಾಲುಗಳನ್ನು ಜೋಡಿಸಿದ್ದ.

"ಒಂದು ಕೇಳ್ತೀನಿ," ಎಂದಳು ಈಶಮ್ಮ. "ಅವ್ವ ಅಳಲಿಲ್ಲಂತ ನಿಮಗ ಯಾರು ಹೇಳ್ದರು?"

ಯಾರೂ ಹೇಳಿರಲಿಲ್ಲ. ಮದುವೆಯಲ್ಲಿ ಕಥೆ ಹೇಳಿದವರೂ ಆ ಮಾತು ಆಡಿರಲಿಲ್ಲ. ಹಲಗೆಯ ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು, ಅಲ್ಲೊಂದು ಚುರುಕಾದ ಮಾತು ಬೇಕಿತ್ತು. ಚೀಲಗಳ ಹಿಂದಿನಿಂದ ಸಂಗು ನೋಡುತ್ತಿರುವುದು ಧನರಾಜನಿಗೆ ಗೊತ್ತಿತ್ತು.

"ಯಾರೂ ಹೇಳಿಲ್ಲರಿ. ನಾನೇ ಸೇರ್ಸೀನಿ."

ಈಶಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದಳು.

ಧನರಾಜ ಒದ್ದೆ ಬಟ್ಟೆ ಹಿಡಿದು ಹಲಗೆಯ ಕಡೆ ಹೋದ. "ಈಗೇ ಅಳಸ್ತೀನ್ರಿ. ತಪ್ಪಾತು ಅಂತ ನನ್ನ ಹೆಸರು ಹಾಕೇ ಬರೀತೀನಿ."

"ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮವ್ವಗ ಓದಾಕ ಬರಂಗಿಲ್ಲ. ನಾ ಹೋಗಿ ಓದಿದ್ರ ಮಗಳು ತಾಯಿ ಪರ ಅಂತಾರ. ನೀವೇ ಬರ್ರಿ. ನಮ್ಮನಿ ಕಟ್ಟಿ ಮ್ಯಾಲ ನಿಂತು, ಓಣಿ ಮಂದಿ ಕೇಳಂಗ ಈ ನೋಟ್‌ಬುಕ್‌ದಾಗಿಂದು ನೀವೇ ಓದ್ರಿ. ನೀವು ಸೇರ್ಸಿದ್ದೂ ಹೇಳ್ರಿ."

ಹನ್ನೊಂದು ವರ್ಷದಲ್ಲಿ ಧನರಾಜ ತಾನು ಬರೆದದ್ದನ್ನು ಯಾರ ಮುಂದೆಯೂ ಓದಿರಲಿಲ್ಲ. ಓದುತ್ತಿದ್ದವನು ಸಂಗು. ತಾನು ಒಳಗೆ ಕೂತು, ಕಿವಿ ಮಾತ್ರ ಹೊರಗಿಟ್ಟಿರುತ್ತಿದ್ದ.

"ಸಂಗೂನ ಕರ್ಕೊಂಡು..." ಎಂದು ಬಾಯಿತನಕ ಬಂದದ್ದನ್ನು ಅಲ್ಲಿಗೇ ನಿಲ್ಲಿಸಿ, "ಬರ್ತೀನ್ರಿ" ಎಂದ.

"ಐತವಾರ ಎಲ್ಲಾರೂ ಮನ್ಯಾಗ ಇರ್ತಾರ," ಎಂದು ಈಶಮ್ಮ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಹಲಗೆಯ ಕೆಳಗಿನರ್ಧವನ್ನು ಧನರಾಜ ಎರಡು ಸಲ ಒರೆಸಿದ. ಹದಿನೇಳು ಫೋನುಗಳಲ್ಲಿ ಇದ್ದದ್ದನ್ನು ಒರೆಸಲು ಬರುವಂತಿರಲಿಲ್ಲ. ನಾಲ್ಕು ಸಾಲು ಬರೆದ. ಕೊನೆಯಲ್ಲಿ, ಆ ಹಲಗೆಯ ಮೇಲೆ ಮೊದಲ ಸಲ, ತನ್ನ ಹೆಸರು. ಸಂಗು ಬಂದು ಮನಸ್ಸಿನಲ್ಲೇ ಓದಿಕೊಂಡ. ಈ ಸಲ ದನಿ ಎತ್ತಿ ಯಾರಿಗೂ ಓದಿ ಹೇಳಲಿಲ್ಲ.

"ಅಣ್ಣಾ, ಚಿತ್ರ ತಗೊಂಡೋರಿಗಿ ಇದನ್ನೂ ತಗೋರಂತ ಹೇಳ್ಲೇನು?"

"ಹೇಳು."

ಸಂಜೆಯ ತನಕ ಅದರ ಚಿತ್ರ ತೆಗೆದವರು ಇಬ್ಬರೇ.

ಬರುವ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಧನರಾಜ ಒಬ್ಬನೇ ರಾಯಿಕೋಡ್ ಕಡೆ ಹೋಗುತ್ತಾನೆ. ಓದಬೇಕಾದ ನೋಟ್‌ಬುಕ್ ಈಶಮ್ಮನ ಬಳಿಯೇ ಇದೆ.