ಒಳಗಿರುವವರನ್ನೂ ಸೇರಿಸಿ

ನಾನು ಶಿವನಸಮುದ್ರದ ವಿದ್ಯುದಾಗಾರದಲ್ಲಿ ಗಂಟೆಗೊಮ್ಮೆ ಮೀಟರುಗಳ ಮುಳ್ಳು ನೋಡಿ ದಪ್ಪ ಪುಸ್ತಕದಲ್ಲಿ ಬರೆಯುವ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಮುಳ್ಳು ತೋರಿಸಿದ್ದನ್ನು ಬರೆಯಬೇಕು, ತೋರಿಸದ್ದನ್ನು ಬರೆಯಬಾರದು. ಈ ಹುದ್ದೆಗಿರುವ ಧರ್ಮಶಾಸ್ತ್ರ ಇಷ್ಟೇ. ಆದ್ದರಿಂದ ಮುಂದೆ ಹೇಳುವುದನ್ನೆಲ್ಲ ನಾನು ನಂಬಿದ್ದೇನೆಂದು ಯಾರೂ ಭಾವಿಸಬಾರದು. ಕಂಡದ್ದನ್ನು ಬರೆಯುತ್ತಿದ್ದೇನೆ, ಅಷ್ಟೆ.

ಮಗಳು ಮಳವಳ್ಳಿಯ ನಮ್ಮ ಮನೆಗೆ ಬಂದಾಗ ಅವಳಿಗೆ ಐದು ವರ್ಷ. ದತ್ತು ಪಡೆಯಲು ಅರ್ಜಿ ಹಾಕಿ ನಾವು ನಾಲ್ಕು ವರ್ಷ ಕಾದಿದ್ದೆವು. ಆ ನಡುವೆ ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ನಮ್ಮ ಅಡುಗೆಮನೆ, ಬಚ್ಚಲು, ರಕ್ತದೊತ್ತಡ, ದಾಂಪತ್ಯ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಸಿಟ್ಟು ಬಂದಾಗ ನೀವು ಏನು ಮಾಡುತ್ತೀರಿ ಎಂದು ನನ್ನನ್ನು ಕೇಳಿದರು. ಈ ಮನೆಯಲ್ಲಿ ಸಿಟ್ಟಾಗಲು ನನಗಿನ್ನೂ ಸರದಿ ಬಂದಿಲ್ಲ ಎಂದೆ. ಅವರು ಅದನ್ನೂ ಬರೆದುಕೊಂಡರು.

ಮೂರು ವಾರ ಅವಳು ನನ್ನನ್ನು ಸಾರ್ ಎಂದೂ ನನ್ನ ಹೆಂಡತಿಯನ್ನು ಆಂಟಿ ಎಂದೂ ಕರೆದಳು. ಒಂದು ಬೆಳಿಗ್ಗೆ, ನಾನು ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ, "ಅಪ್ಪ ಸಾರ್, ಟಿಫನ್ ಡಬ್ಬಿ ಮರೆತ್ರಿ" ಎಂದಳು. ಬಡ್ತಿಯ ಆದೇಶ ಕೈಗೆ ಬಂದ ದಿನವೂ ನಾನು ಹಾಗೆ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೊರಟಿರಲಿಲ್ಲ. ಅನ್ನ, ಉಪ್ಪಿಟ್ಟು, ಕೊಟ್ಟದ್ದೆಲ್ಲ ತಿನ್ನುತ್ತಿದ್ದಳು. ಮುದ್ದೆಯನ್ನು ಮಾತ್ರ ಮುಟ್ಟಲೂ ಒಲ್ಲಳು. ಬೆರಳಿಗೆ ಅಂಟುತ್ತದೆಂದು ಅಸಹ್ಯ. ಮಂಡ್ಯ ಜಿಲ್ಲೆಯಲ್ಲಿ ಇದು ರಾಜದ್ರೋಹಕ್ಕೆ ಸಮಾನವಾದ ಅಪರಾಧ. ಹೆಂಡತಿ ಅದನ್ನೂ ಕ್ಷಮಿಸಿದಳು.

ಕ್ಷಮಿಸುವುದಕ್ಕೂ ಒಪ್ಪುವುದಕ್ಕೂ ಆಗದ ಸಂಗತಿ ಇನ್ನೊಂದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗು ಎಲ್ಲಿದ್ದರೂ ಎದ್ದು ಬಂದು ಹಜಾರದ ನಡುವೆ ನಿಂತು ನಮ್ಮನ್ನು ಎಣಿಸುತ್ತಿತ್ತು. ನನ್ನ ಕಡೆ ಬೆರಳು ತೋರಿ ಒಂದು. ಹೆಂಡತಿಯ ಕಡೆ ಎರಡು. ತನ್ನ ಎದೆ ಮುಟ್ಟಿಕೊಂಡು ಮೂರು. ಆಮೇಲೆ ತಲೆ ತಿರುಗಿಸಿ ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿ, ನಾಲ್ಕು. ಲೆಕ್ಕ ಸರಿಹೋಯಿತೆಂಬ ನೆಮ್ಮದಿಯಲ್ಲಿ ಮತ್ತೆ ಆಟಕ್ಕೆ ಹೋಗುತ್ತಿತ್ತು.

ಆ ಕೋಣೆಯಲ್ಲಿ ನನ್ನ ಅವ್ವ ಲಕ್ವ ಹೊಡೆದು ಎರಡು ವರ್ಷ ಮಲಗಿದ್ದು, ಅಲ್ಲೇ ತೀರಿಕೊಂಡಿದ್ದರು. ಅವರ ಫೋಟೋ ಕೂಡ ಒಳಗೇ ಇತ್ತು. ಮಗುವಿಗೆ ನಾವು ಇದನ್ನು ಹೇಳಿರಲಿಲ್ಲ. ಹೊಸ ಮಗುವಿಗೆ ಮೊದಲು ಬದುಕಿರುವ ನೆಂಟರನ್ನು ಪರಿಚಯಿಸಿ ಮುಗಿಸೋಣ, ಅದೇ ಸಾಕಷ್ಟು ಕಷ್ಟ ಎಂದು ಸುಮ್ಮನಿದ್ದೆವು.

ಮಗು ಮೊದಲಿದ್ದ ದತ್ತು ಕೇಂದ್ರದ ಆಯಾಗೆ ಹೆಂಡತಿ ಫೋನು ಮಾಡಿದಳು. ಆಕೆ ನಕ್ಕರಂತೆ. ಅಲ್ಲಿ ದಿನಾ ಸಂಜೆ ಮಕ್ಕಳನ್ನು ಎಣಿಸುತ್ತಾರೆ. ಜ್ವರ ಬಂದ ಮಗು ಒಳಗೆ ಮಲಗಿದ್ದರೆ ಸಾಲಿನ ಕೊನೆಗೆ "ಒಳಗಿರೋದು ಒಂದು" ಎಂದು ಸೇರಿಸಿಕೊಳ್ಳುತ್ತಾರೆ. ಅದೇ ಅಭ್ಯಾಸ, ಹೋಗುತ್ತದೆ ಎಂದರಂತೆ. ವಿಜ್ಞಾನಕ್ಕೆ ಜಯವಾಯಿತೆಂದು ನಾನು ಕಾಫಿ ಕೇಳಿದೆ. ಹೆಂಡತಿ ಕಾಫಿ ತಂದಿಟ್ಟು, "ಸರಿ. ನಮ್ಮನೆ ಒಳ್ಗೆ ಯಾರ್ ಮಲ್ಗವ್ರೆ ಅಂತ?" ಎಂದಳು. ಕಾಫಿ ಆರಿತು.

ಮಗು ಬಂದ ನಾಲ್ಕನೇ ತಿಂಗಳಿಗೆ ಪಿತೃಪಕ್ಷ. ಕಾನೂನಿನ ಪ್ರಕಾರ ಅವಳಿನ್ನೂ ಪೂರ್ತಿ ನಮ್ಮವಳಲ್ಲ, ಮಂಡ್ಯದಲ್ಲಿ ಡಿ.ಸಿ.ಯವರ ಮೇಜಿನ ಮೇಲೆ ಕಾಗದ ಕೂತಿತ್ತು. ಎಡೆ ಇಡಲು ಸೋಮನಹಳ್ಳಿಯಿಂದ ನನ್ನ ಅಕ್ಕ, ಭಾವ ಬಂದರು. ನಮ್ಮಲ್ಲಿ ಸತ್ತವರಿಗೆ ಅಡುಗೆ ಮಾಡಿ, ರುಚಿ ನೋಡದೆ ಬಡಿಸಿ, ಹೊಸ ಸೀರೆ ಪಂಚೆ ಇಟ್ಟು, ಸಾಂಬ್ರಾಣಿ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿ ಜಗಲಿಯ ಮೇಲೆ ಮಾತಿಲ್ಲದೆ ಕೂರುತ್ತೇವೆ. ಹಿರಿಯರು ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ.

ಅಕ್ಕ ಅಡುಗೆಮನೆಯಲ್ಲಿ ಕೋಳಿ ಸಾರು ಕದಡುತ್ತಾ ನನ್ನನ್ನು ಹತ್ತಿರ ಕರೆದಳು.

"ಲೇ, ಮಗೀನ ಈವತ್ತೊಂದಿನ ಪಕ್ಕದ ಮನೇಲ್ ಬುಡು ಕಣ್ಲಾ. ನಮ್ ಅವ್ವುಂಗೆ ಅದ್ರ ಗುರ್ತಿಲ್ಲ. ಯಾರ್ದೋ ಮಗು ಅಂತ ಎಡೆ ಮುಟ್ದೆ ಓದ್ರೆ?"

ನಾನು ಉತ್ತರ ಹುಡುಕುವಷ್ಟರಲ್ಲಿ, ಒಲೆಯ ಇನ್ನೊಂದು ಬದಿಯಲ್ಲಿ ಮುದ್ದೆ ಕಟ್ಟುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು: "ಅತ್ಗೆ, ಅದು ಪಕ್ಕದ ಮನೇಗೋದ್ರೆ ನಾನೂ ಓಯ್ತೀನಿ. ಆಮೇಕೆ ಎಡೆ ನೀವೇ ಇಕ್ಕಳಿ."

ಇಬ್ಬರೂ ನನ್ನನ್ನು ನೋಡಿದರು. ನಾನು ಮಹಾರಾಜರ ದಿವಾನನಂತೆ ಗಂಭೀರವಾಗಿ ಆಲೋಚಿಸಿ ತೀರ್ಪು ಕೊಟ್ಟೆ: ಮಗು ಮನೆಯಲ್ಲೇ ಇರತಕ್ಕದ್ದು, ಆದರೆ ಮನೆಯವರಂತೆ ಎಡೆಗೆ ಸಾಂಬ್ರಾಣಿ ಹಾಕತಕ್ಕದ್ದಲ್ಲ. ಇಬ್ಬರಿಗೂ ಸಮಾನವಾಗಿ ಅಸಮಾಧಾನವಾಯಿತು. ಮಗು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿತ್ತೆಂದು ಆಮೇಲೆ ತಿಳಿಯಿತು.

ಮಟಮಟ ಮಧ್ಯಾಹ್ನ ಒಳಕೋಣೆಯಲ್ಲಿ ಅವ್ವನ ಫೋಟೋದ ಮುಂದೆ ಎಲೆ ಹಾಕಿ ಬಡಿಸಿದೆವು. ಸಾಂಬ್ರಾಣಿ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಕೊನೆಗೆ ಹೆಂಡತಿ ಮಗುವಿನ ಕೈಗೆ ನೀರಿನ ಚೊಂಬು ಕೊಟ್ಟು ಎಲೆಯ ಪಕ್ಕ ಇಟ್ಟು ಬಾ ಎಂದಳಂತೆ. ನನ್ನ ತೀರ್ಪಿನಲ್ಲಿ ಚೊಂಬಿನ ಪ್ರಸ್ತಾಪ ಇರಲಿಲ್ಲ. ಎಲ್ಲರೂ ಹೊರಗೆ ಬಂದೆವು. ಕದ ಎಳೆಯುವ ಮುನ್ನ ಅಕ್ಕ ಪ್ರತಿ ವರ್ಷದಂತೆ ಎಣಿಸಿದಳು. ತಾನು, ಭಾವ, ನಾನು, ನನ್ನ ಹೆಂಡತಿ. "ನಾಕ್ ಜನ, ಸರಿ" ಎಂದು ಚಿಲಕ ಹಾಕಿದಳು.

ನಾಲ್ಕು ಎಂದದ್ದು ನನ್ನ ಕಿವಿಗೂ ಸರಿಯೆನಿಸಿತು. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಜಗಲಿಯ ಮೇಲೆ ಕೂತೆವು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ. ಭಾವ ತೂಕಡಿಸಿದರು. ಹತ್ತು ನಿಮಿಷ ಆಗಿರಬೇಕು. ಮನೆಯ ಒಳಗಿನಿಂದ ಮಾತು ಕೇಳಿಸಿತು. ಸಣ್ಣ ದನಿ ಏನೋ ಹೇಳುತ್ತದೆ, ನಿಲ್ಲುತ್ತದೆ, ಯಾರೋ ಉತ್ತರ ಕೊಟ್ಟಷ್ಟು ಹೊತ್ತು ಸುಮ್ಮನಿರುತ್ತದೆ, "ಹೂಂ" ಎನ್ನುತ್ತದೆ. ಅಕ್ಕ ನನ್ನ ಮೊಣಕೈ ಹಿಡಿದಳು. ಮಗು ನನ್ನ ಪಕ್ಕ ಇದೆ ಎಂದು ಹೆಂಡತಿ, ಹೆಂಡತಿಯ ಪಕ್ಕ ಇದೆ ಎಂದು ನಾನು ಅಂದುಕೊಂಡಿದ್ದೆವು. ನಾವಿಬ್ಬರೂ ಒಂದೇ ಕ್ಷಣಕ್ಕೆ ಒಬ್ಬರ ಪಕ್ಕ ಒಬ್ಬರು ನೋಡಿದೆವು. ಹೊತ್ತಿಗೆ ಮುಂಚೆ ಬಾಗಿಲು ತೆಗೆಯಬಾರದೆಂದು ಅಕ್ಕ ಹೇಳಲಿಲ್ಲ. ಹೆಂಡತಿ ಚಿಲಕ ಎಳೆದಳು.

ಮಗು ಎಲೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿತ್ತು. ಅತ್ತಿರಲಿಲ್ಲ. ಕೇಂದ್ರದಲ್ಲಿ ಕಲಿಸಿದಂತೆ ಕೈ ಕಟ್ಟಿಕೊಂಡಿತ್ತು.

"ಅಜ್ಜಿ ಸಾರಿಗೆ ಉಪ್ಪಿಲ್ಲ ಅಂದ್ರು" ಎಂದಳು.

ಅಕ್ಕ ಹೋಗಿ ಪಾತ್ರೆಯ ಸಾರನ್ನು ನಾಲಿಗೆಗೆ ಹಚ್ಚಿಕೊಂಡಳು. ಒಂದು ಕಲ್ಲು ಉಪ್ಪೂ ಬಿದ್ದಿರಲಿಲ್ಲ. ಹೆಂಡತಿ ಹಾಕಿದ್ದಾಳೆಂದು ಅಕ್ಕ, ಅಕ್ಕ ಹಾಕಿದ್ದಾಳೆಂದು ಹೆಂಡತಿ. ಉಪ್ಪಿನ ಗತಿಯೂ ಮಗುವಿನ ಗತಿಯೂ ಅಂದು ಒಂದೇ ಆಗಿತ್ತು.

ಮಗುವೇ ರುಚಿ ನೋಡಿರಬಹುದು. ಆ ಮಾತು ನಾನೇ ಮೊದಲು ಆಡಿದೆ. ಹೆಂಡತಿ ಅವಳ ಎರಡೂ ಕೈ ತಿರುಗಿಸಿ ತೋರಿಸಿದಳು. ಒಣಗಿದ್ದವು. ಮೂಸಿದರೆ ಸೋಪಿನ ವಾಸನೆ. ಎಲೆಯ ಮೇಲಿನ ಮುದ್ದೆ ಮಾತ್ರ ಎಡಗಡೆಯಿಂದ ಒಂದು ತುತ್ತಿನಷ್ಟು ಮುರಿದಿತ್ತು. ಅವ್ವನಿಗೆ ಲಕ್ವ ಹೊಡೆದದ್ದು ಬಲಗೈಗೆ. ಕೊನೆಯ ಎರಡು ವರ್ಷ ಅವರು ಎಡಗೈಲೇ ಉಂಡದ್ದು. ಬೆಕ್ಕಿರಬೇಕು ಎಂದೆ. ಕಿಟಕಿ ಹಾಕಿತ್ತು. ಕೋಳಿಯನ್ನು ಬಿಟ್ಟು ಮುದ್ದೆಗೆ ಬಾಯಿ ಹಾಕುವ ಬೆಕ್ಕು ನಮ್ಮ ಬೀದಿಯಲ್ಲಿ ಈವರೆಗೆ ಹುಟ್ಟಿಲ್ಲ.

ಹೆದರಿಕೆ ಆಯಿತಾ ಎಂದು ಅಕ್ಕ ಅವಳನ್ನು ಕೇಳಿದಳು. ಅಕ್ಕ ಅವಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ಇಲ್ಲ. ಅಜ್ಜಿ ಇದ್ರು" ಎಂದಿತು ಮಗು. ಆಮೇಲೆ ತಪ್ಪು ತಿದ್ದುವ ಮೇಷ್ಟರ ದನಿಯಲ್ಲಿ ಸೇರಿಸಿತು: "ನೀವು ಎಣಿಸುವಾಗ ಒಳಗಿರೋರನ್ನ ಸೇರಿಸ್ಲಿಲ್ಲ."

ಅಕ್ಕ ಅಡುಗೆಮನೆಗೆ ಹೋದಳು. ಸಾರಿಗೆ ಉಪ್ಪು ಹಾಕಿ, ಎಲೆಗೆ ಮತ್ತೊಂದು ಸೌಟು ಬಡಿಸಿದಳು. ಎಡೆಗೆ ಇಟ್ಟ ಅವ್ವನ ಸೀರೆಯನ್ನು ಪ್ರತಿ ವರ್ಷ ಮನೆಮಗಳೆಂದು ತಾನೇ ಒಯ್ಯುತ್ತಿದ್ದವಳು, ಅದನ್ನು ಮಡಿಕೆ ಬಿಚ್ಚದೆ ಮಗುವಿನ ತೊಡೆಯ ಮೇಲಿಟ್ಟಳು.

"ಮಡೀಕೋ ಕಣವ್ವ. ದೊಡ್ಡೋಳಾದ್ಮೇಲೆ ಉಟ್ಕೊ" ಎಂದಳು. ನನ್ನ ಕಡೆ ತಿರುಗಿ, "ಅವ್ವನೇ ಮಾತಾಡ್ಸುದ್ಮೇಲೆ ನಂದೇನ್ಲಾ" ಎಂದಳು.

ಡಿ.ಸಿ.ಯವರ ಆದೇಶ ಬರಲು ಇನ್ನೂ ಐದು ವಾರ ಹಿಡಿಯಿತು.

ಅಕ್ಕ, ಭಾವ ಬಸ್ಸಿಗೆ ಹೊರಡುವಾಗ ದೀಪ ಹಚ್ಚುವ ಹೊತ್ತು. ಮಗು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹಜಾರಕ್ಕೆ ಬಂದು ನಿಂತಿತು. ಭಾವ ಒಂದು, ಅಕ್ಕ ಎರಡು, ನಾನು ಮೂರು, ಹೆಂಡತಿ ನಾಲ್ಕು, ತಾನು ಐದು. ಮಗು ಒಳಕೋಣೆಯ ಕಡೆ ತಿರುಗಿ, ಆರು ಎಂದಿತು.

ಅಕ್ಕ ಆ ಬಾಗಿಲ ಕಡೆ ನೋಡಲಿಲ್ಲ. ಅವ್ವ ಎದುರಿಗಿದ್ದಾಗ ಮಾಡುತ್ತಿದ್ದಂತೆ ಸೆರಗನ್ನು ಸರಿಪಡಿಸಿಕೊಂಡು, "ಬತ್ತೀನಿ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದಳು. ಯಾರಿಗೆ ಹೇಳಿದಳೆಂದು ನಾನು ಕೇಳಲಿಲ್ಲ.