ಅಕ್ಕನ ಉಸಿರಿಗೆ ಎಷ್ಟು ವ್ಯಾಟ್

ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಡಿಯೂರಿನ ನಮ್ಮ ಬೀದಿಯಲ್ಲಿ ಕರೆಂಟ್ ಇರುವುದಿಲ್ಲ ಎಂಬ ಮೆಸೇಜು ಹಿಂದಿನ ಸಂಜೆ ಮೊಬೈಲಿಗೆ ಬಂತು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಗಿತ್ತು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಮಂಚದ ಪಕ್ಕ ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರ ಹಗಲೂ ರಾತ್ರಿ ಗುರ್ ಎನ್ನುತ್ತಿತ್ತು.

ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಮಂಡಿಯೂರಿ ಕೂತು ಯಂತ್ರದ ಹಿಂದಿನ ಚೀಟಿ ಓದಿದೆ. 230 ವೋಲ್ಟ್, ಒಂದೂವರೆ ಆಂಪಿಯರ್. ಗುಣಿಸಿದರೆ 345 ವ್ಯಾಟ್. ಯುಪಿಎಸ್ ಬ್ಯಾಟರಿ ಹನ್ನೆರಡು ವೋಲ್ಟಿನದು, 150 ಆಂಪಿಯರ್-ಅವರ್. ಅಂದರೆ 1800 ವ್ಯಾಟ್-ಅವರ್. ಭಾಗಿಸಿದೆ.

"ಐದು ಗಂಟೆ ಬರುತ್ತೆ," ಎಂದೆ.

ಅಕ್ಕ ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದವಳು. ಮೂಗಿನ ನಳಿಕೆ ಸರಿಮಾಡಿಕೊಂಡು, ಉಸಿರು ಎಳೆದುಕೊಳ್ಳುತ್ತಾ ಹೇಳಿದಳು: "ಬ್ಯಾಟರೀಲಿರೋದೆಲ್ಲ ಹೊರಗೆ ಬರಲ್ಲ ಕಣೋ. ಯುಪಿಎಸ್‌ನಲ್ಲೇ ಒಂದಿಷ್ಟು ಬಿಸಿಯಾಗಿ ಹೋಗುತ್ತೆ. ಬ್ಯಾಟರಿ ಬೇರೆ ಹಳೇದು. ನಾಲ್ಕು ಅಂತ ಇಟ್ಕೋ."

"ಫ್ಯಾನು, ಲೈಟು ಎಲ್ಲ ಆಫ್ ಮಾಡಿದ್ರೆ?"

"ಅವೆಲ್ಲ ಇಲ್ದೇನೇ ನಾಲ್ಕು. ಹಾಕಿದ್ರೆ ಇನ್ನೂ ಕಮ್ಮಿ."

ಅದು ತನ್ನದೇ ಉಸಿರಿನ ಮಾತು ಎಂದು ತೋರಿಸುವಂಥದ್ದು ಅವಳ ದನಿಯಲ್ಲಿ ಏನೂ ಇರಲಿಲ್ಲ. ನನ್ನ ದನಿಯಲ್ಲೂ ಇರಲಿಲ್ಲ. ಏಳು ಗಂಟೆಗೆ ಇನ್ನೂ ಮೂರು ಕಮ್ಮಿ ಬೀಳುತ್ತಿತ್ತು, ಅಷ್ಟೇ. ಮನೆಯಲ್ಲಿದ್ದ ಚಿಕ್ಕ ಸಿಲಿಂಡರ್ ಅರ್ಧ ಗಂಟೆಯದು.

ಎದುರಿನ ಅಪಾರ್ಟ್‌ಮೆಂಟಿನ ಮೇಡಂ ಹತ್ತಿರ ಹೋಗಿ ವಿಷಯ ಹೇಳಿದೆ. ಬಾಗಿಲಲ್ಲೇ ನನ್ನ ಮಾತು ತಡೆದರು. "ನಮ್ಮನೆಗೇ ಕರ್ಕೊಂಡ್ ಬನ್ನಿ ಸಾರ್. ಜನರೇಟರ್ ಇದೆ, ಲಿಫ್ಟೂ ಓಡುತ್ತೆ. ಇದಕ್ಕೆಲ್ಲ ಕೇಳ್ಬೇಕಾ?"

ಮರುದಿನ ಕರೆಂಟ್ ಹೋಗುವ ಮೊದಲೇ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಚಿಕ್ಕ ಸಿಲಿಂಡರನ್ನು ತೊಡೆಯ ಮೇಲಿಟ್ಟು ರಸ್ತೆ ದಾಟಿಸಿದೆ. ಬಹಳ ದಿನಗಳ ಮೇಲೆ ಅವಳ ಮುಖದ ಮೇಲೆ ಬಿಸಿಲು ಬಿತ್ತು. ಕಣ್ಣು ಕಿರಿದು ಮಾಡಿ, "ಸ್ವಲ್ಪ ನಿಲ್ಲಿಸು," ಎಂದಳು. ನಿಲ್ಲಿಸಿದೆ. ಹಿಂದಿನಿಂದ ಆಟೋ ಹಾರ್ನ್ ಹೊಡೆಯಿತು. ಮತ್ತೆ ತಳ್ಳಿದೆ.

ಯಂತ್ರವನ್ನೂ ತಂದು ಅಲ್ಲಿ ಹಾಕಿದೆ. ಸಂಜೆಯವರೆಗೆ ಅವಳು ಆ ಮನೆಯ ಸೋಫಾದಲ್ಲಿ ಒರಗಿ ಕೂತಿದ್ದಳು. ಮೇಡಂ ಕಾಫಿ ಕೊಟ್ಟರು, ಅರ್ಧ ಲೋಟ ಕುಡಿದಳು. ಅವರು ನಗಿಸಿದಾಗ ನಕ್ಕಳು, ಕೆಮ್ಮಿದಳು. ನಾನು ಯಂತ್ರದ ಹಸಿರು ದೀಪವನ್ನೇ ನೋಡುತ್ತಿದ್ದೆ. ಕರೆಂಟ್ ಬಂದ ಮೇಲೆ ಮನೆಗೆ ಹಿಂತಿರುಗಿದೆವು.

ಮುಂದಿನ ತಿಂಗಳು ಒಂದು ಬೆಳಗ್ಗೆ ಅಕ್ಕ ಹೋದಳು. ಕರೆಂಟ್ ಇತ್ತು, ಯಂತ್ರವೂ ಓಡುತ್ತಿತ್ತು. ಡಾಕ್ಟರು ಬಂದು ನೋಡಿ ತಲೆಯಾಡಿಸಿದ ಮೇಲೆ ನಾನೇ ಸ್ವಿಚ್ ಆರಿಸಿದೆ. ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ, ಧೈರ್ಯವಂತ ಅಂದುಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಬಾಡಿಗೆ ಅಂಗಡಿಯವರು ಯಂತ್ರ ಒಯ್ಯಲು ಬಂದರು. ಗೇಟಿನವರೆಗೆ ಒಂದು ಕಡೆ ನಾನೂ ಹಿಡಿದುಕೊಂಡೆ. ಎದುರಿನ ಬಾಲ್ಕನಿಯಿಂದ ಮೇಡಂ, "ಊಟ ಆಯ್ತಾ ಸಾರ್?" ಎಂದು ಕೇಳಿದರು. ಆಗಿದೆಯೋ ಇಲ್ಲವೋ ನನಗೆ ನೆನಪಾಗಲಿಲ್ಲ. ಆಯ್ತು ಎಂದೆ.