ಅಟ್ಟದ ಮೇಲೆ ಒಣಗಿದ ಚುಕ್ಕಾಣಿ

ನಮ್ಮ ಪಿ.ಟಿ. ಮೇಡಂ ಕೊರಳಲ್ಲಿ ತಾಳಿ ಸರಕ್ಕೆ ತಾಗಿಕೊಂಡೇ ಒಂದು ಸ್ಟೀಲ್ ವಿಷಲ್ ನೇತಾಡುತ್ತಿತ್ತು. ಅವರು ನಡೆದರೆ ಎರಡೂ ಒಂದಕ್ಕೊಂದು ಬಡಿದು ಟಿಣ್ ಟಿಣ್ ಅನ್ನುತ್ತಿದ್ದವು. ಆ ಸದ್ದು ಕೇಳಿದರೆ ಸಾಕು, ತುಮಕೂರಿನ ನಮ್ಮ ಹೆಣ್ಣುಮಕ್ಕಳ ಕಾಲೇಜಿನ ಕಾರಿಡಾರಿನಲ್ಲಿ ಹರಟುತ್ತಿದ್ದವರೆಲ್ಲ ಚೆಲ್ಲಾಪಿಲ್ಲಿ. ದುಂಡಗಿನ ಮೈ, ಎತ್ತಿ ಸಿಕ್ಕಿಸಿದ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಶೂ. ಗಂಟಲಂತೂ ಕೇಳಲೇಬೇಡಿ. ಕ್ಯಾತ್ಸಂದ್ರದಲ್ಲಿ ನಿಂತು ಕೂಗಿದರೆ ಗುಬ್ಬಿಯಲ್ಲಿ ತಿರುಗಿ ನೋಡುತ್ತಾರೆ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು. "ಗುಬ್ಬಿ ಯಾಕ್ರೇ, ನಿಟ್ಟೂರಿಗೇ ಕೇಳ್ಬೇಕು. ನಮ್ಮಮ್ಮಂಗೆ ಕಿವಿ ಮಂದ" ಅಂದಿದ್ದರು.

ತೊಂಬತ್ತರ ದಶಕದ ನಡುವೆ ಯಾರೋ ಪುಣ್ಯಾತ್ಮರು ನಮ್ಮ ಕಾಲೇಜಿಗೆ ಒಂದು ಹಳೆಯ ಹಾಯಿದೋಣಿ ಕೊಟ್ಟರು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ ಜನ ನಾವು. ಮೇಡಂ ತಾವೇ ಎಲ್ಲೋ ಕ್ಯಾಂಪಿಗೆ ಹೋಗಿ ಕಲಿತು ಬಂದು, ದೋಣಿಯನ್ನು ಕುಣಿಗಲ್ ಕೆರೆ ದಂಡೆಯ ಶೆಡ್ಡಿನಲ್ಲಿ ಇಡಿಸಿ, ಭಾನುವಾರ ಬಂತೆಂದರೆ ಹೆಬ್ಬೂರಿನ ಮೇಲೆ ಹೋಗುವ ಬಸ್ಸಿಗೆ ನಮ್ಮನ್ನು ತುಂಬುತ್ತಿದ್ದರು. ಹಾಯಿ ನೋಡಿಕೊಳ್ಳುವವಳು ನನ್ನ ಗೆಳತಿ, ಚುಕ್ಕಾಣಿ ನನ್ನದು. ಚುಕ್ಕಾಣಿ ಅಂದರೆ ದೋಣಿಯ ಬೆನ್ನಿಗೆ ನೇತುಹಾಕುವ, ಕಿಟಕಿ ಬಾಗಿಲಿನಂಥ ಫೈಬರ್‌ಗ್ಲಾಸ್ ಹಲಗೆ. ಅದು ತಿರುಗಿದತ್ತ ದೋಣಿ ತಿರುಗುತ್ತದೆ. ಅದಿಲ್ಲದಿದ್ದರೆ ಗಾಳಿ ಆಡಿಸಿದ ಹಾಗೆ ಆಡಬೇಕು.

ಒಂದು ಭಾನುವಾರ ಆ ಹಲಗೆ ನಡುವಿಗೆ ಬಿರುಕು ಬಿಟ್ಟಿತು. ಬಸ್ಸಿನ ಮುಖಗಳಿಗೆ ಫೈಬರ್ ಹಚ್ಚುವ ತುಮಕೂರಿನ ಗ್ಯಾರೇಜೊಂದರಲ್ಲಿ ತೇಪೆ ಹಾಕಿಸಿ, ಪಳಪಳ ಪೇಂಟ್ ಹೊಡೆಸಿ ತಂದೆವು. ಮದುವಣಗಿತ್ತಿಯ ಹಾಗಿತ್ತು. ಮುಂದಿನ ಭಾನುವಾರ ಕೆರೆಯ ನಡುಮಧ್ಯದಲ್ಲಿ, ತೇಪೆ ಹಾಕಿದ್ದ ಜಾಗದಲ್ಲೇ ಲಟಕ್ ಅಂತು! ದೋಣಿ ನಿಂತಲ್ಲೇ ಗಿರಗಿರ ಸುತ್ತತೊಡಗಿತು. ಮೀನು ಹಿಡಿಯುವವರು ಹರಿಗೋಲಿನಲ್ಲಿ ಬಂದು ನಮ್ಮನ್ನು ದಡಕ್ಕೆ ಎಳೆದರು. ನಾನು ನಾಚಿಕೆಯಿಂದ ತಲೆ ಎತ್ತಲಿಲ್ಲ.

ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. ಅವರು ಕೆಟ್ಟವರಲ್ಲ, ಹೆದರುಪುಕ್ಕಲು. "ಹೆಣ್ಣುಮಕ್ಕಳಿಗೆ ಯಾಕಮ್ಮ ಈ ಉಸಾಬರಿ? ಆಷಾಢದಲ್ಲಿ ಪಂದ್ಯ ಇದೆಯಂತಲ್ಲ, ಅಷ್ಟರಲ್ಲಿ ಸರಿಹೋಗದಿದ್ರೆ ದೋಣೀನ ಹುಡುಗರ ಕಾಲೇಜಿಗೆ ಕೊಟ್ಟುಬಿಡೋಣ" ಅಂದರು. ಅವತ್ತು ನನಗೆ ಊಟ ಸೇರಲಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಕ್ಲಾಸಿನಲ್ಲಿ ಎಲ್ಲರೂ 'ಅತ್ತ ಸರಿ, ಇತ್ತ ಕೂರು' ಅನ್ನುವವರೇ. ನಾನು ಹೇಳಿದ ಕಡೆಗೆ ಹೋಗುತ್ತಿದ್ದದ್ದು ಪ್ರಪಂಚದಲ್ಲಿ ಆ ದೋಣಿ ಒಂದೇ.

ಮೇಡಂ ಪ್ರಿನ್ಸಿಪಾಲರ ರೂಮಿನಿಂದ ಹೊರಗೆ ಬಂದವರೇ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತರು. ಮುರಿದ ಹಲಗೆಯನ್ನು ಕಿವಿಯ ಹತ್ತಿರ ಎತ್ತಿ ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ಕಾಲೇಜೇ ಬೆಚ್ಚುವ ಹಾಗೆ ಕೂಗಿದರು: "ನೀರೈತೆ ಕಣ್ರೇ ಒಳಗೆ!" ಕೋಪ ಬಂದರೂ ಖುಷಿಯಾದರೂ ಅವರ ಬಾಯಲ್ಲಿ ನಿಟ್ಟೂರಿನ ಮಾತೇ ಬರುತ್ತಿತ್ತು.

ತೆಂಗಿನ ತೋಟದ ಮನೆಯ ಮಗಳು ಅವರು. ಅವರ ಕಡೆ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿ, ಆಗಾಗ ಎತ್ತಿ ಅಲ್ಲಾಡಿಸಿ ನೋಡುತ್ತಾರೆ. ನೀರು ಕುಲುಕಿದರೆ ಇನ್ನೂ ಕಾಯಬೇಕು, ನೀರೆಲ್ಲ ಇಂಗಿ ಒಳಗಿನ ಗಿಟುಕು ಲೊಟಲೊಟ ಅಂದರೆ ಕೊಬ್ಬರಿ ಆಯಿತು ಅಂತ ಅರ್ಥ. ಚುಕ್ಕಾಣಿಯೂ ಹಾಗೇ, ಹೊರಗೆ ಗಟ್ಟಿ ಚಿಪ್ಪು, ಒಳಗೆ ಹಗುರ ಫೋಮ್. ಯಾವುದೋ ಸ್ಕ್ರೂ ತೂತಿನಿಂದ ವರ್ಷಗಟ್ಟಲೆ ನೀರು ಇಳಿದು ಫೋಮ್ ಕೊಳೆತಿತ್ತು. ಒದ್ದೆಯ ಮೇಲೆ ಎಷ್ಟು ತೇಪೆ ಹಾಕಿದರೂ ಹಿಡಿಯುವುದೆಲ್ಲಿಂದ? "ಮುರಿದ ಜಾಗ ತೋರಿಸ್ಬ್ಯಾಡ್ರೇ, ಮುರಿದ ಕಾರಣ ತೋರ್ಸಿ" ಅನ್ನುವುದು ಅವರ ನಿತ್ಯದ ಮಾತು. ನಾನು ಎಕನಾಮಿಕ್ಸಿನಲ್ಲಿ ಡುಮ್ಕಿ ಹೊಡೆದಾಗಲೂ ಮಾರ್ಕ್ಸ್ ಕಾರ್ಡು ನೋಡದೆ ಇದನ್ನೇ ಹೇಳಿ, ದಿನಾ ಬೆಳಗ್ಗೆ ತಮ್ಮೆದುರು ಕೂರಿಸಿ ಓದಿಸಿದ್ದರು.

ಹಲಗೆಯನ್ನು ಹೊತ್ತು ನಿಟ್ಟೂರಿನ ಬಸ್ಸು ಹತ್ತಿದೆವು. ಕಂಡಕ್ಟರ್ ತಡೆದ. "ಏನಮ್ಮಾ ಇದು?"

"ದೋಣಿ ಚುಕ್ಕಾಣಿ. ನಿನ್ ಬಸ್ಸಿಗೆ ಸ್ಟೇರಿಂಗ್ ಇಲ್ವಾ? ಹಂಗೆ."

"ಹಂಗಾದ್ರೆ ಡ್ರೈವರ್ ಪಕ್ಕದಲ್ಲಿ ಇಡಿ. ಇದ್ದಿದ್ದು ಕೈಕೊಟ್ರೆ ಬೇಕಾಗ್ತದೆ" ಅಂದ ಆ ಮಹಾರಾಯ. ಮೇಡಂ ನಕ್ಕ ನಗುವಿಗೆ ಹಿಂದಿನ ಸೀಟಿನಲ್ಲಿದ್ದ ಮಗು ಎದ್ದು ಅಳತೊಡಗಿತು.

ನಿಟ್ಟೂರಿನಲ್ಲಿ ಅವರ ತಾಯಿ ಸೊಂಟಕ್ಕೆ ಕೈಯಿಟ್ಟು ನಿಂತರು. "ಕೆರೆ ಪಾಚಿ ಮೆತ್ಕೊಂಡಿರೋ ಹಲಗೇನ ಕೊಬ್ಬರಿ ಜೊತೆ ಹಾಕ್ತೀಯೇನೇ? ವಾಸನೆ ಹಿಡಿದ್ರೆ?"

"ತೊಳ್ದಿದೀನಿ ಬುಡವ್ವ. ನಿನ್ನ ಕೊಬ್ಬರಿಗೆ ಏನೂ ಆಗಲ್ಲ, ಇದು ಒಣಗ್ದಿದ್ರೆ ನನ್ನ ಮಕ್ಕಳ ದೋಣಿ ಹೋಗ್ತದೆ" ಅಂದು ಮೇಡಂ ಏಣಿ ಹತ್ತಿಯೇಬಿಟ್ಟರು. ಒಳಗಿನ ನೀರು ಇಳಿಯಲೆಂದು ಹಲಗೆಯ ಅಂಚಿನಲ್ಲಿ ತೂತು ಕೊರೆದು, ಒಲೆಯ ಬಿಸಿ ತಾಗುವ ಮೂಲೆಯಲ್ಲಿ, ಕಾಯಿಗಳ ನಡುವೆ ಅದನ್ನು ನಿಲ್ಲಿಸಿದರು.

ಬೇಸಿಗೆಯೆಲ್ಲ ನಾವು ಹೋಗಿ ನೋಡುತ್ತಿದ್ದೆವು. ಮೇಡಂ ಅಲ್ಲಾಡಿಸಿ "ಇನ್ನೂ ಎಳನೀರು" ಅಂತ ತೀರ್ಪು ಕೊಟ್ಟು ಕೆಳಗಿಳಿಯುತ್ತಿದ್ದರು. ಆಷಾಢ ಹತ್ತಿರ ಬರುತ್ತಿತ್ತು. ಕೊನೆಗೊಂದು ದಿನ ಅಲ್ಲಾಡಿಸಿದರು, ನೀರಿನ ಸದ್ದಿಲ್ಲ. "ಕೊಬ್ಬರಿ ಆಯ್ತು, ಇಳಿಸ್ರೇ!"

ಬಿರುಕಿನ ಸುತ್ತ ಕೊಳೆತಿದ್ದ ಫೋಮಷ್ಟನ್ನೇ ಕೆರೆದು ತೆಗೆದು ಹೊಸದು ತುಂಬಿದೆವು. ಬಿರುಕಿನ ಎರಡೂ ಮಗ್ಗುಲನ್ನು ಗೇಣುದ್ದ ಇಳಿಜಾರಾಗಿ ಉಜ್ಜಿದೆವು. ಗಾಜಿನ ನಾರಿನ ದೂಳು ಮೈಗೆ ತಾಗಿದರೆ ತುರಿಕೆಯೆಂದರೆ ತುರಿಕೆ! ಮೊಣಕೈವರೆಗೂ ಕೊಬ್ಬರಿ ಎಣ್ಣೆ ಬಳಿದುಕೊಂಡೆವು. ಅಂಟುವ ರೆಸಿನ್ ಕಲಸಿದರೆ, ಬಿಸಿಲಿನ ಝಳಕ್ಕೆ ಹಚ್ಚುವ ಮೊದಲೇ ಮಗ್ಗಿನಲ್ಲೇ ಹೊಗೆಯಾಡಿ ಕಲ್ಲಾಯಿತು. ಮಗ್ಗೂ ಹೋಯಿತು. ಮೇಡಂ ಹಣೆ ಚಚ್ಚಿಕೊಂಡು, "ನಾಳೆ ಹಾಲು ಕರೆಯೋ ಹೊತ್ತಿಗೆ ಕಲಸೋಣ" ಅಂದರು. ಮರುದಿನ ಬೆಳಗಿನ ತಂಪಿನಲ್ಲಿ ಪದರದ ಮೇಲೆ ಪದರ ಗಾಜಿನ ಬಟ್ಟೆ ಹಾಸಿ, ಪ್ಲಾಸ್ಟಿಕ್ ಸುತ್ತಿದ ಲಟ್ಟಣಿಗೆಯಿಂದ ಗುಳ್ಳೆ ಏಳದ ಹಾಗೆ ಒತ್ತಿದೆವು. ನೀರು ಇಳಿದಿದ್ದ ಸ್ಕ್ರೂ ತೂತನ್ನೂ ಅಂಚಿಗೆ ಕೊರೆದ ತೂತನ್ನೂ ಅದೇ ರೆಸಿನ್ನಿನಿಂದ ಮುಚ್ಚಿದೆವು. ಲಟ್ಟಣಿಗೆ ಯಾರದೆಂದು ಅವರ ತಾಯಿಗೆ ಚಪಾತಿ ಮಾಡುವ ಹೊತ್ತಿಗೆ ಗೊತ್ತಾಯಿತು.

ಇನ್ನು ಜೋಡಿಸುವುದು. ಚುಕ್ಕಾಣಿಯ ಅಂಚಿನ ಎರಡು ಲೋಹದ ಕಡ್ಡಿಗಳು ದೋಣಿಯ ಬೆನ್ನಿನ ಎರಡು ಬಳೆಗಳಿಗೆ ಒಟ್ಟಿಗೇ ಇಳಿಯಬೇಕು. ದೋಣಿ ಕುಲುಕುವಾಗ ಒಂದು ಕೂತರೆ ಇನ್ನೊಂದು ತಪ್ಪುತ್ತಿತ್ತು. ಮೇಡಂ ಮೇಲಿನ ಕಡ್ಡಿಯನ್ನು ಅರದಿಂದ ಉಜ್ಜಿ ಚೂರು ಗಿಡ್ಡ ಮಾಡಿದರು. ಈಗ ಕೆಳಗಿನ ಉದ್ದನೆಯದು ಮೊದಲು ಕೂರುತ್ತಿತ್ತು, ಗಿಡ್ಡನೆಯದು ತಾನಾಗಿ ದಾರಿ ಹಿಡಿಯುತ್ತಿತ್ತು. "ಹೆಂಗೆ? ನಾನ್ಯಾರು ಅಂತ ತಿಳ್ಕೊಂಡಿದೀರಿ?" ಅಂತ ಅವರು ಜಂಬ ಕೊಚ್ಚಿಕೊಂಡದ್ದು ವಾರವಾದರೂ ಮುಗಿಯಲಿಲ್ಲ.

ಪಂದ್ಯದ ದಿನ ಆಷಾಢದ ಗಾಳಿ ಕೆರೆಯನ್ನು ಉಜ್ಜಿ ಉಜ್ಜಿ ಅಲೆ ಎಬ್ಬಿಸಿತ್ತು. ಉಳಿದ ದೋಣಿಗಳಲ್ಲೆಲ್ಲ ಹುಡುಗರೇ. ನಮ್ಮನ್ನು ನೋಡಿ ಒಬ್ಬ, "ಹಗ್ಗ ಬೇಕಾ? ಎಳ್ಕೊಂಡ್ ಬರೋಕೆ" ಅಂದ. ದಂಡೆಯ ಮೇಲೆ ಪ್ರಿನ್ಸಿಪಾಲರು ಛತ್ರಿ ಹಿಡಿದು, ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು.

ದೂರದ ತೂಬಿನ ಕಡೆ ಡ್ರಮ್ಮು ತೇಲಿಬಿಟ್ಟಿದ್ದರು. ಅದನ್ನು ಸುತ್ತಿ ಬರಬೇಕು. ಅಲ್ಲಿಗೆ ಮುಟ್ಟುವಾಗ ನಾವು ಎರಡನೆಯವರು. ಸರಿಯಾಗಿ ಅಲ್ಲೇ ಗಾಳಿ ಬೀಸಿ ಬಡಿಯಿತು. ದೋಣಿ ಒಂದು ಮಗ್ಗುಲಿಗೆ ಎದ್ದಿತು. ಚುಕ್ಕಾಣಿಯ ಹಿಡಿ ನನ್ನ ಕೈಯಲ್ಲಿ ಗಡಗಡ ನಡುಗಿತು. ಈಗ ಲಟಕ್ ಅನ್ನುತ್ತದೆ, ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ಗೆಳತಿ "ಎಳಿಯೇ!" ಅಂತ ಚೀರಿದಳು. ಹಲ್ಲು ಕಚ್ಚಿ ಎಳೆದೆ. ಹಿಡಿಯಿತು! ಮುಂದಿದ್ದ ಹುಡುಗರು ದೂರ ಬಳಸಿ ತಿರುಗುವಷ್ಟರಲ್ಲಿ ನಾವು ಡ್ರಮ್ಮಿಗೆ ಮೈ ಸವರಿಕೊಂಡು ತಿರುಗಿ ಮುಂದೆ ಬಂದಿದ್ದೆವು. ಅಲ್ಲಿಂದ ದಡದವರೆಗೆ ನನಗೆ ಕೇಳಿಸಿದ್ದು ವಿಷಲ್ ಒಂದೇ. ಉಸಿರು ತೆಗೆದುಕೊಳ್ಳದೆ ಊದುತ್ತಿದ್ದರು, ಪುಣ್ಯಾತ್ಗಿತ್ತಿ. ಏರಿಯ ಮೇಲೆ ಹೋಗುವ ಬಸ್ಸೂ ನಿಂತಿತ್ತಂತೆ. ಹೌದು ಸ್ವಾಮಿ, ನಾವೇ ಫಸ್ಟು!

ಮೇಡಂ ಮಂಡಿಯುದ್ದ ನೀರಿಗೆ ಇಳಿದು ಬಂದು ಮೊದಲು ಬೈದರು. "ಅಷ್ಟು ಹತ್ರ ತಿರುಗಿಸ್ತಾರೇನೇ, ಡ್ರಮ್ಮಿಗೆ ಹೊಡ್ದಿದ್ರೆ?" ಆಮೇಲೆ ಇಬ್ಬರನ್ನೂ ಒದ್ದೆ ಬಟ್ಟೆಯಲ್ಲೇ ಅಪ್ಪಿಕೊಂಡು ಗೋಳೋ ಅಂತ ಅತ್ತರು. ಪ್ರಿನ್ಸಿಪಾಲರು ಛತ್ರಿ ಮಡಿಸಿ, "ಮೇಡಂ, ಇನ್ನೊಂದು ದೋಣಿ ಸಿಕ್ತದಾ ವಿಚಾರಿಸಿ" ಅಂದರು. "ಮೊದ್ಲು ಶೆಡ್ಡಿಗೆ ಶೀಟ್ ಹಾಕ್ಸಿ ಸಾರ್" ಅಂದರು ನಮ್ಮ ಮೇಡಂ, ಮೂಗು ಒರೆಸಿಕೊಳ್ಳುತ್ತಾ.

ಮೇಡಂ ಹೋಗಿಬಿಟ್ಟರು ಅಂತ ಫೋನು ಬಂದದ್ದು ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ. ನಿಟ್ಟೂರಿನ ಮನೆಯ ಅಂಗಳ ತುಂಬ ಹೆಂಗಸರು. ನನ್ನ ಜೊತೆಯವರು ಬೆರಳೆಣಿಕೆ, ಉಳಿದವರು ಆಮೇಲಿನ ವರ್ಷಗಳವರು, ಕಂಕುಳಲ್ಲಿ ಮಗು ಇದ್ದವರು, ಆಫೀಸಿನಿಂದ ನೇರ ಬಂದವರು, ಪೊಲೀಸ್ ಸಮವಸ್ತ್ರದ ಒಬ್ಬಳು. ಒಬ್ಬರಿಗೊಬ್ಬರ ಗುರುತಿಲ್ಲ. ಅಳುತ್ತಲೇ ಮಾತು ಶುರುವಾಗಿ, ಮೇಡಂ ಯಾರನ್ನು ಹೆಚ್ಚು ಬೈದದ್ದು ಅಂತ ಜಗಳಕ್ಕೇ ನಿಂತರು. ನಾನೂ ಬಿಟ್ಟುಕೊಡಲಿಲ್ಲ.

ಗೋಡೆಗೆ ಒರಗಿ ಜಡೆಯ ಹುಡುಗಿಯೊಬ್ಬಳು ಸುಮ್ಮನೆ ನಿಂತಿದ್ದಳು. ಯಾವ ವರ್ಷದವಳಮ್ಮ ಅಂತ ಕೇಳಿದೆ.

"ಈಗ ಓದ್ತಿದೀನಿ ಮೇಡಂ, ಸೆಕೆಂಡ್ ಇಯರು."

"ಆ ಹಳೇ ದೋಣಿ?"

"ಇದೆ ಮೇಡಂ. ಹೋದ ಭಾನುವಾರ ಗಾಳಿ ಜೋರಿತ್ತು, ನಾನೇ ಓಡಿಸ್ದೆ."

"ಮೇಡಂ ಅಂತ ನನ್ನನ್ನ ಕರೀಬೇಡ ಕಣೇ" ಅಂದೆ. "ಅಕ್ಕ ಅನ್ನು."